ಜನ ಸಿಗುತ್ತಿಲ್ಲವೋ, ನಿಲ್ಲುತ್ತಿಲ್ಲವೋ?

(ಸಣ್ಣ ಮತ್ತು ಮಧ್ಯಮ ಸಂಸ್ಥೆಗಳ ಮಾಲೀಕರು, ಎಚ್‌ಆರ್ ಕೆಲಸ ನೋಡಿಕೊಳ್ಳುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದೊಡ್ಡ ನಗರಗಳಿಂದ ದೂರ ಇರುವ ಸಂಸ್ಥೆಗಳವರು ಎಲ್ಲಿ ಸೇರಿದರೂ ಮೊದಲು ಬರುವ ದೂರು ಒಂದೇ. ಕೆಲಸಕ್ಕೆ ಜನ ಸಿಗ್ತಾ ಇಲ್ಲ. ಇದು ಸುಳ್ಳು ಅಂತ ನಾನು ಹೇಳುವುದಿಲ್ಲ. ಓದಿದವರು ದೊಡ್ಡ ನಗರಕ್ಕೆ ಹೋಗುತ್ತಾರೆ, ಸಂಬಳದಲ್ಲಿ ನೀವು ದೊಡ್ಡ ಕಂಪನಿಗಳ ಜೊತೆ ಪೈಪೋಟಿಗೆ ಇಳಿಯೋಕಾಗಲ್ಲ, ಎಲ್ಲ ನಿಜ. ಆದರೆ ಒಂದು ಲೆಕ್ಕ ತೆಗೆದು ನೋಡಿ. ಹೋದ ವರ್ಷ ಎಷ್ಟು ಜನರನ್ನು ತೆಗೆದುಕೊಂಡಿರಿ? ಅವರಲ್ಲಿ ಹೊಸ ಹುದ್ದೆಗೆ ಬಂದವರು ಎಷ್ಟು, ಬಿಟ್ಟು ಹೋದವರ ಜಾಗಕ್ಕೆ ಬಂದವರು ಎಷ್ಟು? ಬಿಟ್ಟು ಹೋದವರಲ್ಲಿ ಮೂರು ತಿಂಗಳೂ ತುಂಬದೆ ಹೋದವರು ಯಾರು? ಈ ಲೆಕ್ಕ ಹಾಕಲು ಒಂದು ಮಧ್ಯಾಹ್ನ ಸಾಕು. ಹಾಕಿ ನೋಡಿದ ತುಂಬಾ ಸಂಸ್ಥೆಗಳಿಗೆ ಗೊತ್ತಾಗುವುದು ಏನೆಂದರೆ, ಅವರ ನೇಮಕಾತಿಯ ಬಹುಪಾಲು ಖಾಲಿಯಾದ ಕುರ್ಚಿಯನ್ನು ಮತ್ತೆ ತುಂಬುವುದರಲ್ಲೇ ಕಳೆದುಹೋಗುತ್ತಿದೆ. ಜನ ಬಂದಿದ್ದರು. ನಿಲ್ಲಲಿಲ್ಲ.

ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಇದು ಹೊಸ ಕಥೆಯೂ ಅಲ್ಲ. 1913ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಕಾರು ಜೋಡಿಸಲು ಚಲಿಸುವ ಸಾಲು (ಅಸೆಂಬ್ಲಿ ಲೈನ್) ತಂದಿತು, ಅಂದರೆ ಕಾರು ಮುಂದೆ ಸರಿಯುತ್ತಾ ಬರುತ್ತದೆ, ನಿಂತವರು ಒಬ್ಬೊಬ್ಬರು ಒಂದೊಂದೇ ಕೆಲಸ ಮಾಡುತ್ತಾರೆ. ಕೆಲಸ ವೇಗವಾಯಿತು, ಆದರೆ ಜನ ಓಡಿಹೋದರು. ಆ ವರ್ಷ ಕೆಲಸ ಬಿಟ್ಟವರ ಪ್ರಮಾಣ ಶೇಕಡಾ 370. ಸುಮಾರು 14,000 ಜನರ ಪಡೆಯನ್ನು ಉಳಿಸಿಕೊಳ್ಳಲು ಒಂದೇ ವರ್ಷದಲ್ಲಿ 50,000ಕ್ಕೂ ಹೆಚ್ಚು ಜನರನ್ನು ತೆಗೆದುಕೊಳ್ಳಬೇಕಾಯಿತು ಅಂದರೆ ಯೋಚನೆ ಮಾಡಿ. 1914ರ ಜನವರಿಯಲ್ಲಿ ಕಂಪನಿ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿತು, 9 ಗಂಟೆಯ ದಿನವನ್ನು 8 ಗಂಟೆಗೆ ಇಳಿಸಿತು. 1915ರ ಹೊತ್ತಿಗೆ ಬಿಡುವವರ ಪ್ರಮಾಣ ಶೇಕಡಾ 16ಕ್ಕೆ ಬಂತು. ಈ ಕಥೆಯನ್ನು ಎಲ್ಲರೂ ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ, ಸಂಬಳ ಜಾಸ್ತಿ ಮಾಡಿದರು, ಜನ ನಿಂತರು ಅಂತ. ಆದರೆ ಸಂಬಳ ಏರಿಸುವ ಕೆಲವೇ ತಿಂಗಳ ಮುಂಚೆ, 1913ರ ಅಕ್ಟೋಬರ್‌ನಲ್ಲಿ, ಇನ್ನೂ ಎರಡು ಕೆಲಸ ಆಗಿದ್ದವು. ಯಾರನ್ನು ಬೇಕಾದರೂ ನಿಂತ ನಿಲುವಿನಲ್ಲಿ ಕೆಲಸದಿಂದ ತೆಗೆಯುವ ಅಧಿಕಾರವನ್ನು ಫೋರ್‌ಮನ್‌ಗಳ ಕೈಯಿಂದ ಕಿತ್ತುಕೊಂಡರು. ಒಬ್ಬೊಬ್ಬರಿಗೆ ಒಂದೊಂದು ಥರ ಇದ್ದ ಹತ್ತಾರು ಕೂಲಿ ದರಗಳನ್ನು ಕೆಲವೇ ದರ್ಜೆಗಳಿಗೆ ತಂದರು. ಈ ಎರಡಕ್ಕೂ ದೊಡ್ಡ ದುಡ್ಡು ಬೇಡ, ನಿಮ್ಮಂಥ ಸಂಸ್ಥೆಯೂ ಮಾಡಬಹುದಾದದ್ದು. ಅದೇ ಕಂಪನಿ 5 ಡಾಲರ್ ಪೂರ್ತಿ ಸಿಗಬೇಕಾದರೆ ನಿಮ್ಮ ಮನೆ ಹೇಗಿದೆ, ಕುಡಿಯುತ್ತೀರಾ, ದುಡ್ಡು ಉಳಿಸುತ್ತೀರಾ ಅಂತ ನೋಡಲು ಮನೆಗೆ ತನಿಖೆಯವರನ್ನು ಕಳಿಸುತ್ತಿತ್ತು. ಅದನ್ನು ಮಾತ್ರ ಯಾರೂ ಕಲಿಯಬೇಡಿ.

ಜನ ಯಾಕೆ ಬಿಟ್ಟು ಹೋಗುತ್ತಾರೆ? ಸಾಮಾನ್ಯವಾಗಿ ನಮ್ಮ ಮನಸ್ಸಿನಲ್ಲಿ ಇರುವ ಚಿತ್ರ ಹೀಗೆ: ಅಸಮಾಧಾನ ನಿಧಾನವಾಗಿ ಬೆಳೆಯುತ್ತದೆ, ಒಂದು ದಿನ ತುಂಬಿ ಚೆಲ್ಲುತ್ತದೆ. 1994ರಲ್ಲಿ ಥಾಮಸ್ ಲೀ ಮತ್ತು ಟೆರೆನ್ಸ್ ಮಿಚೆಲ್ ಎಂಬ ಇಬ್ಬರು ಸಂಶೋಧಕರು ಬೇರೆ ಮಾತು ಹೇಳಿದರು. ಎಷ್ಟೋ ಸಲ ಬಿಡುವ ಯೋಚನೆ ಹುಟ್ಟುವುದೇ ಒಂದು ಘಟನೆಯಿಂದ, ಅವರು ಅದನ್ನು ಶಾಕ್ ಅಂತ ಕರೆದರು. ಬಡ್ತಿ ತನಗೆ ಅಂದುಕೊಂಡಿದ್ದವನ ಎದುರಿಗೆ ಇನ್ನೊಬ್ಬನ ಹೆಸರು ಘೋಷಣೆಯಾಗುವುದು. ಮಗುವಿಗೆ ಹುಷಾರಿಲ್ಲ ಅಂತ ರಜೆ ಕೇಳಿದಾಗ ಹತ್ತು ಜನರ ಮುಂದೆ ಕೂಗಾಡಿಸಿಕೊಳ್ಳುವುದು. ಹೊಸದಾಗಿ ಬಂದವನ ಸಂಬಳ ಹಳಬಳಿಗಿಂತ ಜಾಸ್ತಿ ಅಂತ ಗೊತ್ತಾಗುವುದು. ಅಲ್ಲಿಯವರೆಗೆ ಖುಷಿಯಾಗೇ ಇದ್ದವರೂ ಅವತ್ತು ರಾತ್ರಿ ಫೋನ್ ತೆಗೆದು ಬೇರೆ ಕೆಲಸ ಹುಡುಕಲು ಶುರು ಮಾಡುತ್ತಾರೆ. ರಾಜೀನಾಮೆ ಪತ್ರದಲ್ಲಿ ಮಾತ್ರ 'ವೈಯಕ್ತಿಕ ಕಾರಣ' ಅಂತ ಇರುತ್ತದೆ.

ಅದಕ್ಕೇ ಬಿಟ್ಟು ಹೋಗುವವರನ್ನು ಕೂರಿಸಿ ಮಾತಾಡಿಸುವಾಗ 'ಯಾಕೆ ಬಿಡ್ತಿದ್ದೀರಿ' ಅಂತ ಕೇಳಿದರೆ ಉಪಯೋಗ ಕಡಿಮೆ. 'ಬಿಡಬೇಕು ಅಂತ ಮೊದಲ ಸಲ ಅನಿಸಿದ್ದು ಯಾವಾಗ? ಅವತ್ತು ಏನಾಗಿತ್ತು?' ಅಂತ ಕೇಳಿ. ಕೇಳುವವರು ಅವರ ಸೂಪರ್‌ವೈಸರ್ ಆಗಿರಬಾರದು. ಕೊನೆಯ ಸಂಬಳದ ಲೆಕ್ಕ ಚುಕ್ತಾ ಆಗಿ, ಅನುಭವ ಪತ್ರ ಅವರ ಕೈಗೆ ಸೇರಿದ ಮೇಲೆ ಕೇಳಿದರೆ ಇನ್ನೂ ಒಳ್ಳೆಯದು, ಆಗ ಹೆದರಿಕೆ ಇರುವುದಿಲ್ಲ. ಇರುವವರನ್ನೂ ಹೀಗೇ ಕೇಳಿ ಅನ್ನುವುದು ನನ್ನ ಒತ್ತಾಯ. ಹೋಗುವವರ ಬಾಯಿಂದ ಕೇಳಿ ತಿಳಿಯುವುದಕ್ಕಿಂತ ಇರುವವರಿಂದ ತಿಳಿಯುವುದು ಅಗ್ಗ.

ಈಗ ಜಾಹೀರಾತಿಗೆ ಬರುತ್ತೇನೆ. 'ಆಕರ್ಷಕ ಸಂಬಳ' ಅಂತ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಎಷ್ಟರಿಂದ ಎಷ್ಟು ಅಂತ ಬರೆಯಿರಿ. ಜಗತ್ತು ಆ ಕಡೆಗೇ ಹೊರಟಿದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2021ರಿಂದಲೇ ಕೆಲಸದ ಜಾಹೀರಾತಿನಲ್ಲಿ ಸಂಬಳ ಹಾಕುವುದು ಕಡ್ಡಾಯ. ಯುರೋಪಿಯನ್ ಒಕ್ಕೂಟ 2023ರಲ್ಲಿ ಸಂಬಳದ ಪಾರದರ್ಶಕತೆಯ ನಿರ್ದೇಶನ ಹೊರಡಿಸಿತು, ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಜೂನ್. ಅದರ ಪ್ರಕಾರ ಅಭ್ಯರ್ಥಿಗೆ ಸಂಬಳದ ಮಟ್ಟ ಮೊದಲೇ ತಿಳಿಸಬೇಕು, 'ಹಳೇ ಕೆಲಸದಲ್ಲಿ ಎಷ್ಟು ಸಿಗ್ತಿತ್ತು' ಅಂತ ಕೇಳುವ ಹಾಗಿಲ್ಲ. ಈ ಎರಡನೆಯದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಹಿಂದೆ ಯಾರೋ ಕಡಿಮೆ ಕೊಟ್ಟರು ಅನ್ನುವ ಒಂದೇ ಕಾರಣಕ್ಕೆ ನೀವೂ ಕಡಿಮೆ ಕೊಟ್ಟರೆ ಆ ಅನ್ಯಾಯ ಅವರ ಬೆನ್ನು ಬಿಡುವುದೇ ಇಲ್ಲ. ಹೆಚ್ಚಾಗಿ ಹೆಂಗಸರಿಗೆ ಆಗುವುದು ಹೀಗೆ. ನಿಮಗೆ ಅನ್ವಯಿಸುವ ಕಾನೂನು ಏನೇ ಇರಲಿ, ಸಂಬಳ ಬರೆದ ಜಾಹೀರಾತು ನೋಡಿ ಬರುವವರಿಗೆ ಅಷ್ಟು ಸಾಕು ಅಂತ ಗೊತ್ತಿರುತ್ತದೆ. ಕೊನೇ ಸುತ್ತಿನಲ್ಲಿ 'ಇಷ್ಟೇನಾ' ಅಂತ ಎದ್ದು ಹೋಗುವುದಿಲ್ಲ.

ಜೊತೆಗೆ ಕೆಲಸದ ಕಷ್ಟವನ್ನೂ ಬರೆಯಿರಿ. ರಾತ್ರಿ ಪಾಳಿ ಇದೆ, ನಿಂತೇ ಕೆಲಸ ಮಾಡಬೇಕು, ತಿಂಗಳ ಕೊನೆ ವಾರ ಒತ್ತಡ ಜಾಸ್ತಿ. ಮೊದಲೇ ಹೇಳಿದರೆ ಬರುವವರು ಕಡಿಮೆಯಾಗಬಹುದು, ಬಂದವರು ಮಾತ್ರ ಎರಡನೇ ವಾರಕ್ಕೆ ಮೋಸ ಹೋದೆ ಅನ್ನುವುದಿಲ್ಲ.

ಇನ್ನು ಇಂಟರ್‌ವ್ಯೂ. ಇದರ ಬಗ್ಗೆ ಸ್ವಲ್ಪ ಖಾರವಾಗೇ ಮಾತಾಡುತ್ತೇನೆ. 'ಮುಖ ನೋಡಿದರೆ ನನಗೆ ಗೊತ್ತಾಗುತ್ತೆ' ಅಂತ ಹೇಳುವ ಮಾಲೀಕರು ತುಂಬಾ ಇದ್ದಾರೆ. ಗೊತ್ತಾಗಲ್ಲ. ಯಾವ ವಿಧಾನದಿಂದ ಆರಿಸಿದರೆ ಮುಂದೆ ಕೆಲಸ ಚೆನ್ನಾಗಿ ಮಾಡುವವರು ಸಿಗುತ್ತಾರೆ ಅನ್ನುವುದರ ಮೇಲೆ ನೂರು ವರ್ಷದಷ್ಟು ಸಂಶೋಧನೆ ಇದೆ. 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಅದನ್ನೆಲ್ಲ ಒಟ್ಟು ಹಾಕಿದ್ದರು, 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಆ ಲೆಕ್ಕವನ್ನು ತಿದ್ದಿ ಮತ್ತೆ ಮಾಡಿದರು. ಈ ಹೊಸ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಮೊದಲೇ ಸಿದ್ಧಪಡಿಸಿಕೊಂಡು ಮಾಡುವ ಇಂಟರ್‌ವ್ಯೂ, ಅಂದರೆ ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳು, ಪ್ರತಿ ಉತ್ತರಕ್ಕೂ ಅಲ್ಲೇ ಅಂಕ. ಸುಮ್ನೆ ಹರಟೆ ಥರ ನಡೆಸುವ ಇಂಟರ್‌ವ್ಯೂ ತುಂಬಾ ಕೆಳಗಿದೆ. 'ಎಷ್ಟು ವರ್ಷ ಅನುಭವ' ಅನ್ನುವುದು ಇನ್ನೂ ಕೆಳಗೆ. ನಾವು ಜಾಹೀರಾತಿನ ಮೊದಲ ಸಾಲಿನಲ್ಲೇ ಕೇಳುವುದು ಇದನ್ನೇ, ಅಲ್ವಾ?

ಮಾಡುವುದು ಕಷ್ಟವೇನಿಲ್ಲ. ಆ ಹುದ್ದೆಯಲ್ಲಿ ನಿಜವಾಗಿ ಬರುವ ಐದಾರು ಇಕ್ಕಟ್ಟುಗಳನ್ನು ಬರೆದುಕೊಳ್ಳಿ. ಉದಾಹರಣೆಗೆ: ಒಂದು ಆರ್ಡರ್ ತಡವಾಗಿದೆ, ಗ್ರಾಹಕರು ಫೋನಿನಲ್ಲಿ ರೇಗುತ್ತಿದ್ದಾರೆ, ಗೋದಾಮಿನವರು 'ನಾಳೆ ನೋಡೋಣ' ಅನ್ನುತ್ತಿದ್ದಾರೆ, ನಿಮ್ಮ ಮ್ಯಾನೇಜರ್ ರಜೆಯಲ್ಲಿದ್ದಾರೆ. ಏನು ಮಾಡುತ್ತೀರಿ? ಒಳ್ಳೆಯ ಉತ್ತರದಲ್ಲಿ ಏನಿರಬೇಕು ಅಂತ ಮೊದಲೇ ನಿಮ್ಮ ಹಳೇ ಕೆಲಸಗಾರರನ್ನು ಕೇಳಿ ಬರೆದಿಟ್ಟುಕೊಳ್ಳಿ. ಇಬ್ಬರು ಕೂರಿ, ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ. ಆಗುವುದಾದರೆ ಕೆಲಸದ ಒಂದು ತುಣುಕು ಮಾಡಿಸಿ ನೋಡಿ, ಒಂದರ್ಧ ಗಂಟೆಯದ್ದು. ಇಡೀ ದಿನ ದುಡಿಸಿಕೊಂಡು 'ಟ್ರಯಲ್' ಅಂತ ಬಿಟ್ಟಿ ಕಳಿಸುವುದು ಬೇಡ, ಅದು ಕಳ್ಳತನ.

ಹೆಸರು ನೋಡಿ ಅರ್ಜಿ ಬದಿಗಿಡುವುದೂ ಎಲ್ಲ ಕಡೆ ಇದೆ. ಬೋಸ್ಟನ್ ಮತ್ತು ಶಿಕಾಗೋದಲ್ಲಿ ಮರಿಯಾನ್ ಬರ್ಟ್ರಾಂಡ್, ಸೆಂಧಿಲ್ ಮುಲ್ಲೈನಾಥನ್ ಸುಮಾರು 5,000 ಅರ್ಜಿಗಳನ್ನು ಕಳಿಸಿ ನೋಡಿದರು, ಓದು, ಅನುಭವ ಎಲ್ಲ ಒಂದೇ ಮಟ್ಟದವು, ಹೆಸರು ಮಾತ್ರ ಬೇರೆ. 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬಿಳಿಯರದ್ದು ಅನ್ನಿಸುವ ಹೆಸರಿಗೆ ಕರೆ ಬಂದದ್ದು ಕಪ್ಪು ಜನರದ್ದು ಅನ್ನಿಸುವ ಹೆಸರಿಗಿಂತ ಶೇಕಡಾ 50ರಷ್ಟು ಜಾಸ್ತಿ. ಜನ ಸಿಗ್ತಿಲ್ಲ ಅನ್ನುವ ನಾವೇ ಹೆಸರು, ಊರು, ವಯಸ್ಸು ನೋಡಿ ಎಷ್ಟು ಜನರನ್ನು ಓದದೇ ಬಿಟ್ಟಿದ್ದೇವೆ? ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ ಓದುವ ಅಭ್ಯಾಸ ಮಾಡಿಕೊಳ್ಳಿ.

'ಅದಕ್ಕೇ ನಾವು ಎಐ ಸಾಫ್ಟ್‌ವೇರ್ ಹಾಕಿದ್ದೇವೆ, ಅದಕ್ಕೆ ಪಕ್ಷಪಾತ ಇಲ್ಲ' ಅಂತ ಒಬ್ಬರು ನಡುವೆ ಹೇಳಿದರು. ಹಳೇ ನೇಮಕಾತಿಗಳನ್ನು ನೋಡಿ ಕಲಿತ ಯಂತ್ರ ಹಳೇ ಪಕ್ಷಪಾತವನ್ನೂ ಕಲಿಯುತ್ತದೆ. ಅಮೆಜಾನ್ ತಾನೇ ಮಾಡಿಕೊಂಡ ಅಂಥದ್ದೊಂದು ಸಾಧನ ಹೆಂಗಸರ ಅರ್ಜಿಗಳನ್ನು ಕೆಳಕ್ಕೆ ತಳ್ಳುತ್ತಿದೆ ಅಂತ ಕಂಡು ಅದನ್ನು ಕೈಬಿಟ್ಟಿತು ಅನ್ನುವುದು 2018ರಲ್ಲಿ ಸುದ್ದಿಯಾಗಿತ್ತು. ನ್ಯೂಯಾರ್ಕ್ ನಗರದಲ್ಲಿ 2023ರಿಂದ ಇಂಥ ಸಾಧನ ಬಳಸುವವರು ಪಕ್ಷಪಾತದ ತಪಾಸಣೆ ಮಾಡಿಸಬೇಕು. ಯುರೋಪಿನ 2024ರ ಎಐ ಕಾಯ್ದೆ ನೇಮಕಾತಿಗೆ ಬಳಸುವ ಸಾಧನಗಳನ್ನು ಹೆಚ್ಚು ಅಪಾಯದ ಪಟ್ಟಿಯಲ್ಲೇ ಇಟ್ಟಿದೆ. ನಿಮ್ಮದು ನೂರು ಅರ್ಜಿ ಬರುವ ಸಂಸ್ಥೆಯಾದರೆ ಮನುಷ್ಯರೇ ಓದಿ. ಮುಗಿಯಿತು.

ಮೊದಲ ದಿನದ ಬಗ್ಗೆ ಒಂದು ಪ್ರಯೋಗ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ವಿಪ್ರೋದ ಕಾಲ್ ಸೆಂಟರ್ ವಿಭಾಗಕ್ಕೆ ಹೊಸದಾಗಿ ಸೇರಿದವರನ್ನು ಸಂಶೋಧಕರು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ದಿನ ಕಂಪನಿಯ ಹಿರಿಮೆಯನ್ನು ಹೇಳಿ, ಕಂಪನಿಯ ಹೆಸರಿದ್ದ ಅಂಗಿ ಕೊಟ್ಟರು. ಇನ್ನೊಂದು ಗುಂಪಿನವರಿಗೆ 'ನಿಮ್ಮ ಶಕ್ತಿ ಏನು, ನೀವು ಅತಿ ಚೆನ್ನಾಗಿ ಕೆಲಸ ಮಾಡಿದ ದಿನ ಯಾವುದು, ಅದನ್ನು ಇಲ್ಲಿ ಹೇಗೆ ತರಬಹುದು' ಅಂತ ಕೇಳಿದರು, ಅವರವರ ಹೆಸರು ಬರೆದ ಅಂಗಿ ಕೊಟ್ಟರು. ವ್ಯತ್ಯಾಸ ಒಂದು ಗಂಟೆಯದ್ದು. ಆರು ತಿಂಗಳ ಮೇಲೆ ನೋಡಿದರೆ ಎರಡನೇ ಗುಂಪಿನಲ್ಲಿ ಬಿಟ್ಟು ಹೋದವರು ಗಮನಿಸುವಷ್ಟು ಕಡಿಮೆ, ಗ್ರಾಹಕರೂ ಅವರ ಬಗ್ಗೆ ಹೆಚ್ಚು ಖುಷಿಯಾಗಿದ್ದರು. ಡೇನಿಯಲ್ ಕೇಬಲ್, ಫ್ರಾನ್ಸೆಸ್ಕಾ ಜಿನೊ, ಬ್ರ್ಯಾಡ್ಲಿ ಸ್ಟಾಟ್ಸ್ 2013ರಲ್ಲಿ ಇದನ್ನು ಪ್ರಕಟಿಸಿದರು. ಹೊಸಬರು ಬಂದ ದಿನ ಕುರ್ಚಿ ಎಲ್ಲಿ, ಲಾಗಿನ್ ಏನು, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಮಧ್ಯಾಹ್ನದವರೆಗೆ ಮೂಲೆಯಲ್ಲಿ ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಒಂದು ಗಂಟೆ ಅವರಿಗೆ ಕೊಡಿ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ: ಪಾಳಿಯ ಪಟ್ಟಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಾಳೆಯ ಶಿಫ್ಟ್ ಇವತ್ತು ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ರಜೆಯ ದಿನ ಬೆಳಿಗ್ಗೆ ಫೋನ್ ಬರುತ್ತದೆ, 'ಒಬ್ರು ಬಂದಿಲ್ಲ, ಬಂದುಬಿಡಿ'. ಮಾಲೀಕರಿಗೆ ಇದು ಹೊಂದಾಣಿಕೆ. ಆ ಕಡೆ ಇರುವವರಿಗೆ ಮಗುವನ್ನು ಯಾರ ಹತ್ತಿರ ಬಿಡುವುದು, ವಯಸ್ಸಾದ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಯಾವುದು, ಯಾವುದೂ ತಮ್ಮ ಕೈಯಲ್ಲಿಲ್ಲ. ಗ್ಯಾಪ್ ಎಂಬ ಬಟ್ಟೆ ಕಂಪನಿಯ ಅಮೆರಿಕದ ಅಂಗಡಿಗಳಲ್ಲಿ ಜೋನ್ ವಿಲಿಯಮ್ಸ್, ಸೂಸನ್ ಲ್ಯಾಂಬರ್ಟ್, ಸರವಣನ್ ಕೇಶವನ್ ಮತ್ತು ತಂಡ ಇದನ್ನೇ ಪರೀಕ್ಷೆ ಮಾಡಿತು. ಕೆಲವು ಅಂಗಡಿಗಳಲ್ಲಿ ಪಾಳಿ ಶುರುವಾಗುವ, ಮುಗಿಯುವ ಹೊತ್ತನ್ನು ಆದಷ್ಟು ಸ್ಥಿರ ಮಾಡಿದರು. ಕೆಲಸಗಾರರೇ ತಮ್ಮ ತಮ್ಮಲ್ಲಿ ಪಾಳಿ ಬದಲಾಯಿಸಿಕೊಳ್ಳಲು ಆ್ಯಪ್ ಕೊಟ್ಟರು. ಕೆಲವರಿಗೆ ವಾರಕ್ಕೆ ಇಂತಿಷ್ಟು ಗಂಟೆ ಖಂಡಿತ ಅಂತ ಮಾತು ಕೊಟ್ಟರು. 2018ರಲ್ಲಿ ಬಂದ ವರದಿಯ ಪ್ರಕಾರ ಆ ಅಂಗಡಿಗಳಲ್ಲಿ ಮಾರಾಟ ಶೇಕಡಾ 7ರಷ್ಟು, ಕೆಲಸದ ಉತ್ಪಾದಕತೆ ಶೇಕಡಾ 5ರಷ್ಟು ಏರಿತು.

ಅದೇ ವರದಿಯ ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ. ಪಾಳಿ ಪದೇ ಪದೇ ಬದಲಾಗುವುದಕ್ಕೆ ಗ್ರಾಹಕರೇ ಕಾರಣ, ಅವರು ಯಾವಾಗ ಬರುತ್ತಾರೋ ಯಾರಿಗೆ ಗೊತ್ತು ಅಂತ ಎಲ್ಲರೂ ನಂಬಿದ್ದರು. ಹುಡುಕಿ ನೋಡಿದರೆ ದೊಡ್ಡ ಕಾರಣ ಮುಖ್ಯ ಕಚೇರಿಯೇ. ಸರಕು ಎಷ್ಟು ಬರುತ್ತದೆ ಅಂತ ತಪ್ಪು ಲೆಕ್ಕ ಕೊಡುವುದು, ರಿಯಾಯಿತಿ ಮಾರಾಟವನ್ನು ಕೊನೇ ಗಳಿಗೆಯಲ್ಲಿ ಬದಲಾಯಿಸುವುದು, ಮೇಲಧಿಕಾರಿಗಳ ಭೇಟಿ. ನಿಮ್ಮಲ್ಲೂ ಒಂದು ತಿಂಗಳು ಬರೆದಿಡಿ. ಪಾಳಿ ಯಾವಾಗೆಲ್ಲ ಬದಲಾಯಿತು, ಯಾರಿಂದ ಬದಲಾಯಿತು. ಹೆಚ್ಚಿನವು ಮಾಲೀಕರ ಮೇಜಿನಿಂದಲೇ ಹೊರಟಿದ್ದರೆ ಅದನ್ನು ಸರಿಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಎರಡು ವಾರ ಮುಂಚೆ ಪಟ್ಟಿ ಹಾಕಿ, ಹಾಕಿದ ಮೇಲೆ ಬದಲಾಯಿಸಿದರೆ ಅದಕ್ಕೆ ಹೆಚ್ಚು ದುಡ್ಡು ಕೊಡಿ. ಹೀಗೆ ನಿಯಮ ಮಾಡಿಕೊಂಡರೆ ಬದಲಾವಣೆಗಳು ತಾವಾಗೇ ಕಡಿಮೆಯಾಗುತ್ತವೆ.

ಹೆಚ್ಚು ಗಂಟೆ ದುಡಿಸುವುದೂ ಇದರ ಜೊತೆಯದ್ದೇ. ಒಬ್ಬರು ಬಿಟ್ಟರೆ ಅವರ ಕೆಲಸ ಉಳಿದವರ ತಲೆಗೆ ಬರುತ್ತದೆ, ಅವರೂ ಸುಸ್ತಾಗಿ ಬಿಡುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಪ್ಪಂದವೇ ಇದರ ಮೇಲೆ, 1919ರದ್ದು, ಕಾರ್ಖಾನೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಘಟನೆ 2021ರಲ್ಲಿ ಸೇರಿ ಕೊಟ್ಟ ಲೆಕ್ಕ ನೋಡಿ: ವಾರಕ್ಕೆ 35ರಿಂದ 40 ಗಂಟೆ ಕೆಲಸ ಮಾಡುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಜಾಸ್ತಿ. ಇಷ್ಟಾಗಿಯೂ ಕೆಲಸವಾದರೂ ಹೆಚ್ಚಾಗುತ್ತದಾ? ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಜಾನ್ ಪೆನ್‌ಕ್ಯಾವಲ್ ಎಂಬ ಅರ್ಥಶಾಸ್ತ್ರಜ್ಞ ಮತ್ತೆ ತೆಗೆದು ನೋಡಿದಾಗ, ವಾರಕ್ಕೆ 70 ಗಂಟೆ ದುಡಿದವರು ಮಾಡಿದ ಕೆಲಸಕ್ಕೂ 56 ಗಂಟೆ ದುಡಿದವರು ಮಾಡಿದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆ 14 ಗಂಟೆ ಯಾರಿಗೂ ದಕ್ಕಲಿಲ್ಲ.

ಕಿರುಕುಳದ ವಿಷಯ. ಸಣ್ಣ ಸಂಸ್ಥೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ದೂರು ಕೇಳುವವರೂ ಮಾಲೀಕರ ಸಂಬಂಧಿಕರೇ ಆಗಿರುತ್ತಾರೆ. ದೂರು ಬಂದಿಲ್ಲ ಅಂದಮಾತ್ರಕ್ಕೆ ಕಿರುಕುಳ ಇಲ್ಲ ಅಂತ ಅಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಪ್ಪಂದ, 2019ರದ್ದು, ಕೆಲಸದ ಜಾಗವನ್ನು ತುಂಬಾ ಅಗಲವಾಗಿ ನೋಡುತ್ತದೆ. ಕೆಲಸಕ್ಕೆ ಹೋಗಿ ಬರುವ ದಾರಿ, ಸಂಸ್ಥೆ ಕೊಟ್ಟ ವಸತಿ, ಕೆಲಸದ ಸಂಬಂಧದ ಫೋನು, ಮೆಸೇಜು ಎಲ್ಲ ಅದರೊಳಗೆ ಬರುತ್ತವೆ. ಕಾಯಂ ಆದವರು ಮಾತ್ರ ಅಲ್ಲ, ಟ್ರೇನಿಗಳು, ಕೆಲಸ ಕೇಳಿ ಬಂದವರೂ ಬರುತ್ತಾರೆ. ಹಾಗಾಗಿ ದೂರು ಕೇಳಲು ಸಂಸ್ಥೆಯ ಹೊರಗಿನ ಒಬ್ಬರು ಇರಲಿ. ದೂರು ಕೊಟ್ಟವರನ್ನೇ ಬೇರೆ ಪಾಳಿಗೆ ಹಾಕುವ ಕೆಟ್ಟ ಪದ್ಧತಿಯನ್ನು ಬಿಡಿ. ಅವರು ಅದನ್ನು ಶಿಕ್ಷೆ ಅಂತಲೇ ತಿಳಿಯುತ್ತಾರೆ, ಉಳಿದವರು ಅದನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಕೆಲಸದಿಂದ ತೆಗೆಯಲೇಬೇಕಾದ ಸಂದರ್ಭವೂ ಬರುತ್ತದೆ. ಸರಿಯಾದ ಕಾರಣ ಇರಬೇಕು, ತೆಗೆಯುವ ಮುಂಚೆ ಅವರ ಮಾತು ಕೇಳಬೇಕು. ಅದೇ ಸಂಘಟನೆಯ 1982ರ 158ನೇ ಒಪ್ಪಂದದ ತಿರುಳು ಇಷ್ಟೇ. ಕಾನೂನಿನ ವಿವರ ಅಲ್ಲಲ್ಲಿಗೆ ಬೇರೆ, ವಕೀಲರನ್ನು ಕೇಳಿ. ನಾನು ಹೇಳುವುದು ಇನ್ನೊಂದು: ಒಬ್ಬರನ್ನು ನೀವು ಹೇಗೆ ಕಳಿಸಿದಿರಿ ಅನ್ನುವುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. ಅದೂ ಅವರಿಗೆ ಒಂದು ಶಾಕ್.

ಕೊನೆಗೆ ಬಂದ ಕೆಲವು ಪ್ರಶ್ನೆಗಳು.

'ನಮ್ಮಲ್ಲಿ ಮೂವತ್ತು ಜನ, ಎಚ್‌ಆರ್ ಅಂತ ಯಾರೂ ಇಲ್ಲ, ಎಲ್ಲಿಂದ ಶುರು ಮಾಡಲಿ ಸರ್?' ಅಂತ ಒಬ್ಬ ಮಾಲೀಕರು ಕೇಳಿದರು. ಸೂಪರ್‌ವೈಸರ್‌ಗಳಿಂದ. ಚೆನ್ನಾಗಿ ಕೆಲಸ ಮಾಡುವವರನ್ನು ಸೂಪರ್‌ವೈಸರ್ ಮಾಡುತ್ತೀರಿ, ಆದರೆ ತಪ್ಪು ತೋರಿಸುವುದು ಹೇಗೆ, ರಜೆ ಇಲ್ಲ ಅನ್ನುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಮೊದಲು ಎರಡು ನಿಯಮ ತನ್ನಿ: ಎಲ್ಲರ ಮುಂದೆ ಬೈಯುವ ಹಾಗಿಲ್ಲ, ಒಬ್ಬರೇ ನಿರ್ಧರಿಸಿ ಯಾರನ್ನೂ ತೆಗೆಯುವ ಹಾಗಿಲ್ಲ.

'ಕಲಿಸಿ ತಯಾರು ಮಾಡಿದ ಮೇಲೆ ದೊಡ್ಡ ಕಂಪನಿ ಎತ್ತಿಕೊಂಡು ಹೋಗುತ್ತದಲ್ಲ?' ಅಂತ ಇನ್ನೊಬ್ಬರು. ಕೆಲವರು ಹೋಗುತ್ತಾರೆ, ಹೋಗಲಿ. ಆದರೆ ಶಾಕ್ ಬಗ್ಗೆ ಹೇಳಿದ ಅದೇ ಮಿಚೆಲ್ ಮತ್ತು ಜೊತೆಗಾರರು 2001ರಲ್ಲಿ ಒಂದು ವಿಷಯ ತೋರಿಸಿದರು. ಜನ ಒಂದು ಕೆಲಸದಲ್ಲಿ ನಿಲ್ಲಲು ಸಂಬಳ, ತೃಪ್ತಿ ಅಷ್ಟೇ ಕಾರಣವಲ್ಲ. ಕೆಲಸದಲ್ಲೂ ಊರಲ್ಲೂ ಇರುವ ನಂಟು, ಅಲ್ಲಿಗೆ ತಾನು ಹೊಂದುತ್ತೇನೆ ಅನ್ನುವ ಭಾವ, ಬಿಟ್ಟರೆ ಕಳೆದುಕೊಳ್ಳುವುದು ಏನು ಅನ್ನುವ ಲೆಕ್ಕ, ಈ ಮೂರೂ ಸೇರಿ ಹಿಡಿದಿಡುತ್ತವೆ. ಊರಿನ ನಂಟು ದೊಡ್ಡ ನಗರದ ಕಂಪನಿ ಕೊಡಲಾಗದ್ದು, ನಿಮ್ಮಲ್ಲಿ ಈಗಾಗಲೇ ಇರುವುದು. ಹತ್ತಿರದಲ್ಲೇ ಮನೆ ಹುಡುಕಲು, ಮಕ್ಕಳನ್ನು ಶಾಲೆಗೆ ಸೇರಿಸಲು, ಗಂಡ ಅಥವಾ ಹೆಂಡತಿಗೂ ಅಲ್ಲೇ ಎಲ್ಲಾದರೂ ಕೆಲಸ ನೋಡಲು ಸಹಾಯ ಮಾಡಿ. ಹೋದವರಿಗೂ ಬಾಗಿಲು ತೆರೆದಿಡಿ. ಎರಡು ವರ್ಷ ಹೊರಗೆ ಕಲಿತು ವಾಪಸ್ ಬರುವವರಿಗೆ ನಿಮ್ಮ ಕೆಲಸವೂ ಗೊತ್ತು, ಹೊರಗಿನದ್ದೂ ಗೊತ್ತು.

ಒಬ್ಬ ಹುಡುಗಿ, ಎಚ್‌ಆರ್ ಕೆಲಸಕ್ಕೆ ಹೊಸಬರು, ಕೇಳಿದ್ದು ಇದು: ಬಿಟ್ಟು ಹೋದವರ ಬಗ್ಗೆ ಹೊಸ ಕಂಪನಿಯವರು ಫೋನ್ ಮಾಡಿದಾಗ ಮಾಲೀಕರು 'ಚೆನ್ನಾಗಿ ಹೇಳಬೇಡ' ಅನ್ನುತ್ತಾರೆ, ಏನು ಮಾಡಲಿ? ಇಂಥ ದಿನ ಸೇರಿದರು, ಇಂಥ ದಿನ ಬಿಟ್ಟರು, ಈ ಹುದ್ದೆಯಲ್ಲಿದ್ದರು ಅಂತ ಹೇಳಿ. ಕೇಳಿದರೆ ಮತ್ತೆ ತೆಗೆದುಕೊಳ್ಳುತ್ತೇವೋ ಇಲ್ಲವೋ ಅದನ್ನೂ ಹೇಳಿ, ದಾಖಲೆಯಲ್ಲಿ ಏನಿದೆಯೋ ಅದರಂತೆ. ಮಾಲೀಕರು ಒಪ್ಪದಿದ್ದರೆ ಈ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು, ಅವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಸಹಿ ಹಾಕುವ ಹೊತ್ತಿಗೆ ಯಾರ ಮೇಲೂ ಕೋಪ ಇರದ ದಿನ ನೋಡಿ ಮುಂದಿಡಿ.